ಮಂಡೇಲಾ ಭಾಷಣದ ಜೊತೆ ಬಿಜೋಸ್ ಹೆಸರೂ ಬರಲಿ

ಸಂಪಾದಕರೇ,

ಜುಲೈ 18, ನೆಲ್ಸನ್ ಮಂಡೇಲಾ ಅವರ ಹುಟ್ಟುಹಬ್ಬ, ಬಂತೆಂದರೆ ಅವರು ರಿವೋನಿಯಾ ಮೊಕದ್ದಮೆಯಲ್ಲಿ ಕೋರ್ಟಿನ ಮುಂದೆ ಮಾಡಿದ ಭಾಷಣದ ಕೊನೆಯ ಸಾಲುಗಳು ಎಲ್ಲೆಡೆ ಅಚ್ಚಾಗುತ್ತವೆ. ಅಂಥ ಮಾತಾಡಿಯೂ ಅವರು ನೇಣಿನಿಂದ ಪಾರಾದದ್ದು ಹೇಗೆಂದು ಬರೆಯುವವರು ಕಡಿಮೆ. ಬರೆದರೆ ವಕೀಲ ಜಾರ್ಜ್ ಬಿಜೋಸ್ ಅವರ ಹೆಸರು ಬರಲೇಬೇಕು.

ಗ್ರೀಸ್‌ನಲ್ಲಿ ಹುಟ್ಟಿದ ಬಿಜೋಸ್, ನಾಜಿ ಆಕ್ರಮಣದಿಂದಾಗಿ 1941ರಲ್ಲಿ ತಂದೆಯ ಜೊತೆ ನಿರಾಶ್ರಿತರಾಗಿ ದಕ್ಷಿಣ ಆಫ್ರಿಕಾ ಸೇರಿದ ಹುಡುಗ. 1948ರಲ್ಲಿ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮಂಡೇಲಾ ಪರಿಚಯವಾಯಿತು. 1954ರಲ್ಲಿ ಇವರು ವಕೀಲಿಕೆ ಶುರುಮಾಡುವ ಹೊತ್ತಿಗೆ ಮಂಡೇಲಾ ಮತ್ತು ಆಲಿವರ್ ಟಾಂಬೊ ಸ್ವಂತ ಕಚೇರಿ ತೆರೆದಿದ್ದರು. ಅಲ್ಲಿಂದ ಇವರಿಗೆ ಕೇಸುಗಳು ಬರುತ್ತಿದ್ದವು.

1963-64ರ ರಿವೋನಿಯಾ ಮೊಕದ್ದಮೆಯಲ್ಲಿ ವರ್ಣಭೇದ ಸರ್ಕಾರ ಮಂಡೇಲಾ ಮತ್ತು ಸಂಗಡಿಗರ ಮೇಲೆ ಹೊರಿಸಿದ ಆರೋಪ ವಿಧ್ವಂಸಕ ಕೃತ್ಯ. ಶಿಕ್ಷೆ ಮರಣದಂಡನೆಯವರೆಗೂ ಹೋಗಬಹುದಿತ್ತು. ಬ್ರಾಮ್ ಫಿಷರ್ ನೇತೃತ್ವದ ಪ್ರತಿವಾದಿ ತಂಡದಲ್ಲಿ ಬಿಜೋಸ್ ಇದ್ದರು. ಮಂಡೇಲಾ ಪ್ರಮಾಣ ಮಾಡಿ ಸಾಕ್ಷಿ ಹೇಳಿದ್ದರೆ ಪಾಟೀಸವಾಲಿನಲ್ಲಿ ಅವರ ಮಾತು ತುಂಡುತುಂಡಾಗುತ್ತಿತ್ತು. ಕಟಕಟೆಯಿಂದ ಬರೀ ಹೇಳಿಕೆ ಓದಿದರೆ ಪಾಟೀಸವಾಲು ಇಲ್ಲ, ಆದರೆ ಸಾಕ್ಷ್ಯವಾಗಿ ಅದರ ತೂಕ ಕಡಿಮೆ. (ನಮ್ಮಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನಡಿ ಆರೋಪಿ ಕೊಡುತ್ತಿದ್ದ ಹೇಳಿಕೆಗೂ ಪ್ರಮಾಣವಿರಲಿಲ್ಲ.) ತಿಳಿದೇ ಆ ದಾರಿ ಹಿಡಿದರು. 1964ರ ಏಪ್ರಿಲ್ 20ರಂದು ಮಂಡೇಲಾ ಸುಮಾರು ಮೂರು ಗಂಟೆ ಓದಿದರು. ಕರಡಿನ ಕೊನೆಯಲ್ಲಿ ಸಾಯಲು ಸಿದ್ಧ ಎಂದು ನೇರವಾಗಿ ಇದ್ದದ್ದು, ನ್ಯಾಯಾಧೀಶರಿಗೆ ಸವಾಲು ಹಾಕಿದಂತೆ, ಹುತಾತ್ಮನಾಗಲು ಹಾತೊರೆದಂತೆ ಕೇಳಿಸೀತೆಂದು ಬಿಜೋಸ್ ಅಂಜಿದರು. ‘ಅಗತ್ಯ ಬಿದ್ದರೆ’ ಎಂದು ಸೇರಿಸಲು ಹೇಳಿದರು. ಅದೊಂದೇ ಜೀವ ಉಳಿಸಿತು ಎನ್ನಲಾರೆ. ಆರೋಪಿಗಳ ಕಡೆ ಗೆರಿಲ್ಲಾ ಯುದ್ಧದ ಯೋಜನೆ ಇನ್ನೂ ಅಂಗೀಕಾರವಾಗಿರಲಿಲ್ಲ ಎಂಬ ವಾದವನ್ನು ನ್ಯಾಯಾಧೀಶ ಡಿ ವೆಟ್ ಒಪ್ಪಿದ್ದೂ ದೊಡ್ಡದು. ಜೂನ್ 12ರಂದು ಮಂಡೇಲಾ ಸೇರಿ ಎಂಟು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ನಮ್ಮ ಕಾನೂನು ಕಾಲೇಜುಗಳಲ್ಲಿ ಈ ಭಾಷಣವನ್ನು ಓದಿಸುವವರು ಪ್ರತಿವಾದದ ಈ ಲೆಕ್ಕಾಚಾರವನ್ನೂ ಹೇಳಿಕೊಡಬೇಕು.

ಗೆಳೆತನದ ನಿಜವಾದ ಪರೀಕ್ಷೆ ಆಮೇಲೆ. ರಾಬೆನ್ ದ್ವೀಪದ ಸೆರೆಮನೆಯಲ್ಲಿ ಮೊದಮೊದಲು ಆರು ತಿಂಗಳಿಗೆ ಒಂದು ಪತ್ರ, ಒಂದು ಭೇಟಿ, ಅದೂ ಮನೆಯ ಮಾತು ಮಾತ್ರ. ವಕೀಲರ ಭೇಟಿ ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲವಾದ್ದರಿಂದ ಹೊರಗಿನ ನಂಟು ಉಳಿಯಲು ಅದೇ ದಾರಿ. 1985ರಲ್ಲಿ ಕೇಪ್‌ಟೌನ್ ಆಸ್ಪತ್ರೆಯಲ್ಲಿದ್ದ ಮಂಡೇಲಾರನ್ನು ನ್ಯಾಯಖಾತೆ ಮಂತ್ರಿ ಕೋಬಿ ಕೂಟ್ಸಿಯೆ ನೋಡಿಹೋದರು. ಒಬ್ಬಂಟಿಯಾಗಿದ್ದ ನಾಯಕ ಸರ್ಕಾರದ ಜೊತೆ ರಾಜಿಯಾದರೇ ಎಂಬ ಗುಮಾನಿ ಹೊರಗಿನವರಿಗೆ ಬರುವುದು ಸಹಜ. ತಮ್ಮ ಸಂಘಟನೆಯಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಒಪ್ಪಿಗೆಯಿಲ್ಲದೆ ಯಾವ ಒಪ್ಪಂದವೂ ಆಗದು ಎಂಬ ಮಂಡೇಲಾರ ಮಾತನ್ನು, ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ದೇಶಭ್ರಷ್ಟರಾಗಿ ಅದರ ನಾಯಕತ್ವ ವಹಿಸಿದ್ದ ಟಾಂಬೊಗೆ ಮುಟ್ಟಿಸಿದವರು ಬಿಜೋಸ್. ಎರಡೂ ಕಡೆಯವರು ನಂಬುವ ಮನುಷ್ಯ ಸಿಗದಿದ್ದರೆ ಆ ಮಾತುಕತೆ ಮೊಳಕೆಯಲ್ಲೇ ಕಮರುತ್ತಿತ್ತು ಎಂಬುದು ನನ್ನ ನಂಬಿಕೆ.

ಮಂಡೇಲಾ ಅಧ್ಯಕ್ಷರಾದ ಮೇಲೆ, 1995ರ ಫೆಬ್ರುವರಿಯಲ್ಲಿ, ಮರಣದಂಡನೆ ಸಂವಿಧಾನಕ್ಕೆ ವಿರುದ್ಧವೇ ಎಂಬ ಪ್ರಶ್ನೆ ಸಾಂವಿಧಾನಿಕ ನ್ಯಾಯಾಲಯದ ಮುಂದೆ ಬಂತು. ಹೌದು, ವಿರುದ್ಧ ಎಂದು ಸರ್ಕಾರದ ಪರವಾಗಿ ವಾದಿಸಿದವರು ಬಿಜೋಸ್. ಪೀಠದ ಅಧ್ಯಕ್ಷರು ಆರ್ಥರ್ ಚಾಸ್ಕಲ್ಸನ್, ರಿವೋನಿಯಾದಲ್ಲಿ ಅದೇ ತಂಡದಲ್ಲಿದ್ದವರು. ಜೂನ್ 6ರಂದು ಹನ್ನೊಂದು ನ್ಯಾಯಮೂರ್ತಿಗಳೂ ಒಮ್ಮತದಿಂದ ಗಲ್ಲುಶಿಕ್ಷೆಯನ್ನು ರದ್ದುಮಾಡಿದರು. 2013ರಲ್ಲಿ ಮಂಡೇಲಾ ತೀರಿಕೊಂಡಾಗ ಅವರ ಉಯಿಲು ಜಾರಿಮಾಡುವ ಹೊಣೆ ಹೊತ್ತ ಮೂವರಲ್ಲಿ ಬಿಜೋಸ್ ಒಬ್ಬರು.

– ಓದುಗ ವಕೀಲ, ಧಾರವಾಡ