ಓದಿ ಹೇಳಿದವರಿಗೆಲ್ಲ, ಜೊತೆಗೆ ಜೂಡಿ ಡೆಂಚ್‌ಗೆ

ನಮ್ಮ ತಂಡದ ನಾಟಕದಲ್ಲಿ ನಾನು ಅಜ್ಜಿಯ ಪಾತ್ರ ಮಾಡಿದೆ. ಅದು ಮುಗಿದ ದಿನದಿಂದ ಫೋನು, ಮೆಸೇಜು ನಿಂತಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ನನ್ನ ಕಣ್ಣು ಬಿಡುವುದಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ. ನಾನು ಹೇಳುತ್ತಾ ಹೋಗುತ್ತೇನೆ, ಸೊಸೆ ಟೈಪ್ ಮಾಡುತ್ತಿದ್ದಾಳೆ. ಮೊದಲ ಥ್ಯಾಂಕ್ಸ್ ಅವಳಿಗೇ.

ವಿಷಯ ಗೊತ್ತಿಲ್ಲದವರೂ ಇದ್ದೀರಿ, ಅಲ್ವಾ? ನನಗೆ ಮ್ಯಾಕ್ಯುಲರ್ ಡಿಜೆನರೇಷನ್ ಇದೆ. ಕಣ್ಣಿನ ಹಿಂದಿನ ಪರದೆಯ ನಟ್ಟನಡುವಿನ ಭಾಗ ವಯಸ್ಸಾದಂತೆ ಸವೆಯುವ ಕಾಯಿಲೆ. ಪೂರ್ತಿ ಕತ್ತಲಾಗುವುದಿಲ್ಲ. ಅಕ್ಕಪಕ್ಕದ್ದು ಕಾಣುತ್ತದೆ, ದಿಟ್ಟಿಸಿ ನೋಡಿದ್ದು ಮಾತ್ರ ಮಸುಕು. ಬಾಗಿಲ ಚೌಕಟ್ಟು ಕಾಣುತ್ತದೆ, ಅಲ್ಲಿ ನಿಂತವರ ಮುಖ ಕಾಣುವುದಿಲ್ಲ. ಪುಟದ ಅಂಚು ಕಾಣುತ್ತದೆ, ನಡುವಿನ ಸಾಲು ಸೊಟ್ಟಗಾಗಿ ಕರಗಿಹೋಗುತ್ತದೆ. ನಾಟಕದವರಿಗೆ ಇದರ ಅರ್ಥ ಬೇಗ ಆಗುತ್ತದೆ: ಕೈಯಲ್ಲಿ ಸ್ಕ್ರಿಪ್ಟ್ ಇದ್ದೂ ಓದಲಾಗುವುದಿಲ್ಲ, ಎದುರು ನಿಂತ ಪಾತ್ರದ ಕಣ್ಣು ಕಾಣುವುದಿಲ್ಲ.

ಡಾಕ್ಟರು ಹೇಳಿದ ದಿನ ನಾನು ಬಣ್ಣದ ಡಬ್ಬಿ ಎತ್ತಿ ಅಟ್ಟದ ಮೇಲಿಟ್ಟೆ. ಆಮೇಲೆ ಬಹಳ ಕಾಲ ತಾಲೀಮಿನ ಕಡೆ ತಲೆ ಹಾಕಲಿಲ್ಲ. ತಂಡದವರು ಮನೆಗೆ ಬಂದರೆ ಕಾಫಿ ಕೊಟ್ಟು ಬೇರೆ ಮಾತಾಡಿ ಕಳಿಸುತ್ತಿದ್ದೆ. ಆಗ ಒಂದು ದಿನ ನನ್ನ ತಮ್ಮನ ಮಗಳು ಫೋನ್ ಮಾಡಿದಳು. "ಅತ್ತೆ, ಜೂಡಿ ಡೆಂಚ್‌ಗೂ ಇದೇ ಇದೆಯಂತೆ. ಆದರೂ ಪಾತ್ರ ಮಾಡ್ತಾ ಬಂದಿದ್ದಾರಂತೆ" ಅಂದಳು. ಅಂದಿನಿಂದ ಆ ಬ್ರಿಟಿಷ್ ನಟಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ರೆಕಾರ್ಡ್ ಮಾಡಿ ಕಳಿಸತೊಡಗಿದಳು. ನಾನು ಅಡುಗೆ ಮಾಡುತ್ತಾ, ಮಲಗಿಕೊಂಡು, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದನ್ನೇ ಕೇಳುತ್ತಿದ್ದೆ. ಹಾಗಾಗಿ ಇವತ್ತು ನಾನು ಕೃತಜ್ಞತೆ ಹೇಳಬೇಕಾದವರ ಪೈಕಿ ನಾನು ಎಂದೂ ಕಾಣದ ಈ ಹಿರಿಯ ಕಲಾವಿದೆಯೂ ಇದ್ದಾರೆ. ಅವರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಜೂಡಿ ಡೆಂಚ್ ಹುಟ್ಟಿದ್ದು 1934ರ ಡಿಸೆಂಬರ್ 9ರಂದು, ಇಂಗ್ಲೆಂಡಿನ ಯಾರ್ಕ್‌ನಲ್ಲಿ. ತಂದೆ ಡಾಕ್ಟರು, ಊರಿನ ರಂಗಮಂದಿರದ ಕಲಾವಿದರಿಗೂ ಅವರೇ ಡಾಕ್ಟರು. ತಾಯಿ ಅದೇ ರಂಗಮಂದಿರದಲ್ಲಿ ವೇಷಭೂಷಣ ನೋಡಿಕೊಳ್ಳುತ್ತಿದ್ದರು. ಅಣ್ಣ ಜೆಫ್ರಿ ನಟ. ಹೀಗಿದ್ದೂ ಈಕೆಗೆ ನಟಿಯಾಗುವ ಆಸೆ ಮೊದಲು ಇರಲಿಲ್ಲ. ರಂಗಸಜ್ಜಿಕೆ ಮಾಡಬೇಕು ಅಂತ ಚಿತ್ರಕಲೆ ಕಲಿಯಲು ಸೇರಿದ್ದರು. 1953ರಲ್ಲಿ ಶೇಕ್ಸ್‌ಪಿಯರ್ ಹುಟ್ಟಿದ ಊರು ಸ್ಟ್ರಾಟ್‌ಫರ್ಡ್‌ನಲ್ಲಿ ಮೈಕೇಲ್ ರೆಡ್‌ಗ್ರೇವ್ ಅಭಿನಯದ 'ಕಿಂಗ್ ಲಿಯರ್' ನೋಡಿದರು. ರಂಗದ ನಡುವೆ ಬಂಡೆಯಂಥ ಒಂದೇ ರಚನೆ, ಅದೇ ತಿರುಗಿ ಸಿಂಹಾಸನವೂ ಗುಹೆಯೂ ಆಗುತ್ತಿತ್ತು. ಇಷ್ಟು ಸರಳವಾಗಿ ಯೋಚಿಸುವ ಶಕ್ತಿ ನನಗಿಲ್ಲ ಅಂತ ಅನಿಸಿ ಆ ದಾರಿ ಬಿಟ್ಟರು. ಅಣ್ಣ ಓದುತ್ತಿದ್ದ ಸೆಂಟ್ರಲ್ ಸ್ಕೂಲ್ ಎಂಬ ನಾಟಕ ಶಾಲೆಗೇ ಸೇರಿದರು. ಆಗ ಆ ಶಾಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಕಟ್ಟಡದಲ್ಲಿ ನಡೆಯುತ್ತಿತ್ತು. ವನೆಸಾ ರೆಡ್‌ಗ್ರೇವ್ ಅವರ ಸಹಪಾಠಿ.

1957ರಲ್ಲಿ ಲಂಡನ್ನಿನ ಓಲ್ಡ್ ವಿಕ್ ನಾಟಕ ಕಂಪನಿಯ 'ಹ್ಯಾಮ್ಲೆಟ್'ನಲ್ಲಿ ನಾಯಕಿ ಒಫೀಲಿಯಾ. ಶಾಲೆಯಿಂದ ಬಂದ ಹುಡುಗಿಗೆ ಮೊದಲ ಸಲಕ್ಕೇ ಅಂಥ ಪಾತ್ರ. 1960ರಲ್ಲಿ ಜ಼ೆಫಿರೆಲ್ಲಿ ನಿರ್ದೇಶನದಲ್ಲಿ ಜೂಲಿಯೆಟ್. ಆ ನಾಟಕದ್ದೊಂದು ಪ್ರಸಂಗವನ್ನು ಅವರೇ ಹೇಳಿಕೊಳ್ಳುತ್ತಾರೆ. ಜೂಲಿಯೆಟ್ ರಂಗದ ಮೇಲೆ ನಿಂತು, ನನ್ನ ಅಪ್ಪ ಅಮ್ಮ ಎಲ್ಲಿ ಅಂತ ದಾದಿಯನ್ನು ಕೇಳಬೇಕು. ಕೇಳಿದ ಕೂಡಲೇ ಪ್ರೇಕ್ಷಕರ ನಡುವಿನಿಂದ ಅವರ ಸ್ವಂತ ತಂದೆ, ಇಲ್ಲಿದ್ದೇವೆ ಮಗಳೇ ಅಂತ ಕೂತ ಸಾಲಿನ ಗುರುತು ಸಮೇತ ಉತ್ತರ ಕೊಟ್ಟರಂತೆ! ನಾಟಕದಲ್ಲಿ ಅಷ್ಟು ಮುಳುಗಿದ ಅಪ್ಪ. ಇದನ್ನು ಕೇಳಿ ನಾನು ಆಸ್ಪತ್ರೆಯಲ್ಲಿ ಎಲ್ಲರ ಎದುರೇ ಜೋರಾಗಿ ನಕ್ಕುಬಿಟ್ಟೆ. ಎಷ್ಟೋ ಕಾಲದ ಮೇಲೆ ಬಂದ ನಗು ಅದು.

1963ರಲ್ಲಿ ನಾಟಿಂಗ್‌ಹ್ಯಾಮ್ ಪ್ಲೇಹೌಸ್ ತಂಡದ ಜೊತೆ ಪಶ್ಚಿಮ ಆಫ್ರಿಕಾ ಸುತ್ತಿದರು: ನೈಜೀರಿಯಾ, ಘಾನಾ, ಸಿಯೆರಾ ಲಿಯೋನ್. 1968ರಲ್ಲಿ 'ಕ್ಯಾಬರೆ' ಎಂಬ ಸಂಗೀತ ನಾಟಕ. ಅವರ ದನಿ ಸ್ವಲ್ಪ ಒಡೆದ ದನಿ, ಆದರೂ ಅದರಲ್ಲೇ ಹಾಡಿದರು. 1969ರಲ್ಲಿ ಶೇಕ್ಸ್‌ಪಿಯರ್‌ನ 'ದಿ ವಿಂಟರ್ಸ್ ಟೇಲ್'ನಲ್ಲಿ ತಾಯಿ ಹರ್ಮಿಯೋನಿ, ಮಗಳು ಪರ್ಡಿಟಾ, ಎರಡೂ ಪಾತ್ರ ಅವರೇ ಮಾಡಿದರು. ಈ ನಾಟಕದ ಹೆಸರು ನೆನಪಿಟ್ಟುಕೊಳ್ಳಿ.

ನಾನು ಅತಿ ಹೆಚ್ಚು ಸಲ ಕೇಳಿದ್ದು 1976ರ 'ಮ್ಯಾಕ್‌ಬೆತ್'. ಟ್ರೆವರ್ ನನ್ ನಿರ್ದೇಶನ, ಇಯಾನ್ ಮೆಕೆಲನ್ ಎದುರು ಈಕೆ ಲೇಡಿ ಮ್ಯಾಕ್‌ಬೆತ್. ಸ್ಟ್ರಾಟ್‌ಫರ್ಡ್‌ನ ದೊಡ್ಡ ರಂಗಮಂದಿರದಲ್ಲಲ್ಲ, 'ದಿ ಅದರ್ ಪ್ಲೇಸ್' ಎಂಬ ತಗಡಿನ ಶೆಡ್ಡಿನಲ್ಲಿ. ಪರದೆ ಇಲ್ಲ, ವೈಭವ ಇಲ್ಲ, ಜನ ಸುತ್ತ ಕೂತಿರುತ್ತಾರೆ. ಆಮೇಲೆ ಅದನ್ನು ಟಿವಿಗಾಗಿ ಚಿತ್ರೀಕರಿಸಿದರು, ಹಾಗಾಗಿ ನಮಗೂ ಸಿಗುತ್ತದೆ. ರಾಜನ ಕೊಲೆಯ ರಕ್ತ ಕೈಯಿಂದ ಹೋಗುತ್ತಿಲ್ಲ ಅಂತ ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ಆಕೆ ಕೈ ಉಜ್ಜುತ್ತಾ ಉಜ್ಜುತ್ತಾ ಒಂದು ಕೂಗು ಹಾಕುತ್ತಾರೆ. ಸಣ್ಣಗೆ ಶುರುವಾಗಿ, ಏರಿ, ಉಸಿರು ಪೂರ್ತಿ ಖಾಲಿಯಾಗುವ ತನಕ ಎಳೆದ ಕೂಗು. ಕಣ್ಣು ಸರಿಯಿದ್ದಾಗ ನೋಡಿದ್ದೆ, ಅಂದು ಅವರ ಮುಖ ನನ್ನನ್ನು ಹಿಡಿದಿಟ್ಟಿತ್ತು. ಈಗ ಬರೀ ಕೇಳಿದಾಗ ಉಸಿರು ಎಲ್ಲಿ ತೆಗೆದುಕೊಂಡರು, ಎಲ್ಲಿ ತಡೆದರು ಅನ್ನುವುದೆಲ್ಲ ತಿಳಿಯಿತು. ನನ್ನ ಪಾತ್ರದ ಎರಡನೇ ದೃಶ್ಯದಲ್ಲಿ ಅಜ್ಜಿ ಅಳುವ ಜಾಗವನ್ನು ಹಲವರು ಮೆಚ್ಚಿ ಬರೆದಿದ್ದೀರಿ. ಆ ಉಸಿರಿನ ಲೆಕ್ಕ ನಾನು ಕಲಿತದ್ದು ಇಲ್ಲಿಂದ.

ಸಿನಿಮಾದ ವಿಷಯ ನಿಮಗೆಲ್ಲ ಜಾಸ್ತಿ ಗೊತ್ತು. ಚಿಕ್ಕ ವಯಸ್ಸಿನಲ್ಲಿ ಒಬ್ಬ ಸಿನಿಮಾದವರು ಅವರ ಮುಖ ಕ್ಯಾಮೆರಾಗೆ ಒಗ್ಗುವುದೇ ಇಲ್ಲ ಅಂದಿದ್ದರಂತೆ. ಅದೇ ಮುಖ 1995ರಿಂದ ಜೇಮ್ಸ್ ಬಾಂಡ್‌ನ ಮೇಲಧಿಕಾರಿ 'ಎಂ' ಆಗಿ ಲೋಕಕ್ಕೆಲ್ಲ ಪರಿಚಯವಾಯಿತು, ಅವರಿಗೆ 60 ದಾಟಿದ ಮೇಲೆ! 1997ರ 'ಮಿಸೆಸ್ ಬ್ರೌನ್'ನಲ್ಲಿ ವಿಕ್ಟೋರಿಯಾ ರಾಣಿ. ಮರುವರ್ಷದ 'ಶೇಕ್ಸ್‌ಪಿಯರ್ ಇನ್ ಲವ್'ನಲ್ಲಿ ಹತ್ತು ನಿಮಿಷವೂ ತೆರೆಯ ಮೇಲೆ ಇಲ್ಲ, ಆದರೂ ಆಸ್ಕರ್ ಬಂತು. ಒಟ್ಟು ಎಂಟು ಸಲ ಆಸ್ಕರ್‌ಗೆ ನಾಮನಿರ್ದೇಶನ ಆಗಿದೆ. ಸಂತೋಷದ ಮಾತೇ. ಆದರೆ ನನ್ನ ಮಟ್ಟಿಗೆ ತಗಡಿನ ಶೆಡ್ಡಿನ ಆ ರಾತ್ರಿಗಳೇ ದೊಡ್ಡವು.

ಅವರ ಗಂಡ ಮೈಕೇಲ್ ವಿಲಿಯಮ್ಸ್ ಕೂಡ ನಟ. 1971ರಲ್ಲಿ ಮದುವೆ. ಪ್ರತಿ ಶುಕ್ರವಾರ ಹೆಂಡತಿಗೆ ಒಂದು ಕೆಂಪು ಗುಲಾಬಿ ಕೊಡುತ್ತಿದ್ದವರು. ಅವನ ನಾಟಕಗಳಿಂದಲೇ ಹೊಟ್ಟೆಪಾಡು ಅಂತ ಶೇಕ್ಸ್‌ಪಿಯರ್‌ನನ್ನು ಇಬ್ಬರೂ ಮನೆಯಲ್ಲಿ ನಮ್ಮ ಬಾಡಿಗೆ ಕಟ್ಟುವ ಮನುಷ್ಯ ಅಂತ ಕರೆಯುತ್ತಿದ್ದರಂತೆ. 2001ರ ಜನವರಿಯಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ವರ್ಷ ಈಕೆ ಒಂದಾದ ಮೇಲೊಂದು ಸಿನಿಮಾಗಳಲ್ಲಿ ಕೆಲಸ ಮಾಡಿದರು. ಅದರಲ್ಲೊಂದು 'ಐರಿಸ್', ನೆನಪು ಕಳೆದುಕೊಳ್ಳುತ್ತಾ ಹೋಗುವ ಲೇಖಕಿಯ ಪಾತ್ರ. ನಮ್ಮ ಮನೆಯವರು ಹೋದಾಗ ನನ್ನನ್ನು ಎಬ್ಬಿಸಿ ತಾಲೀಮಿಗೆ ಕರೆದುಕೊಂಡು ಹೋದವರು ನೀವೇ ಅಲ್ವಾ? ಆ ಋಣವೂ ಬಾಕಿ ಇದೆ, ಇಲ್ಲೇ ಹೇಳಿಬಿಡುತ್ತೇನೆ.

ಈಗ ಕಣ್ಣಿನ ವಿಷಯ. 2012ರಲ್ಲಿ ಅವರು ತಮ್ಮ ಕಾಯಿಲೆಯ ಬಗ್ಗೆ ಬಹಿರಂಗವಾಗಿ ಹೇಳಿದರು. ರಾಜಸ್ಥಾನದಲ್ಲಿ ಚಿತ್ರೀಕರಣವಾದ 'ದಿ ಬೆಸ್ಟ್ ಎಕ್ಸಾಟಿಕ್ ಮಾರಿಗೋಲ್ಡ್ ಹೋಟೆಲ್' ಬಿಡುಗಡೆಯಾದ ಹೊತ್ತು ಅದು. ಅವರ ತಾಯಿಗೂ ಇದೇ ತೊಂದರೆ ಇತ್ತು. ಸ್ಕ್ರಿಪ್ಟ್ ಓದಲು ಆಗುತ್ತಿಲ್ಲ, ಮಗಳೋ ಗೆಳೆಯರೋ ಓದಿ ಹೇಳುತ್ತಾರೆ, ಅದು ನನಗೆ ಇಷ್ಟವೇ, ಯಾಕೆಂದರೆ ಕಥೆ ಕೇಳುವುದು ನನಗೆ ಇಷ್ಟ ಅನ್ನುವ ಅರ್ಥದ ಮಾತು ಹೇಳಿದ್ದರು. ತಮ್ಮನ ಮಗಳು ಇದನ್ನು ಓದಿದಾಗ ನಾನು ಎರಡು ಸಲ ಹಾಕಿಸಿ ಕೇಳಿದೆ. ಓದಿಸಿಕೊಳ್ಳುವುದನ್ನು ನಾನು ಭಾರ ಅಂದುಕೊಂಡಿದ್ದೆ. ಅವರು ಅದನ್ನು ಕಥೆ ಕೇಳುವ ಸುಖ ಅಂದರು. ಇಷ್ಟೇ ವಿಷಯ. ಆದರೆ ಮರುದಿನವೇ ನಾನು ನಿರ್ದೇಶಕರಿಗೆ ಫೋನ್ ಮಾಡಿ, ಅಜ್ಜಿ ಪಾತ್ರ ಇನ್ನೂ ಖಾಲಿ ಇದೆಯಾ ಅಂತ ಕೇಳಿದೆ.

ಹಾಗೆ ಹೇಳಿದ ಮೇಲೆ ಅವರು ಸುಮ್ನೆ ಕೂರಲಿಲ್ಲ. 2015ರಲ್ಲಿ ಲಂಡನ್ನಿನ ಗ್ಯಾರಿಕ್ ರಂಗಮಂದಿರದಲ್ಲಿ, ಕೆನೆತ್ ಬ್ರಾನಾ ತಂಡದಲ್ಲಿ, ಮತ್ತೆ ಅದೇ 'ದಿ ವಿಂಟರ್ಸ್ ಟೇಲ್'. 1969ರಲ್ಲಿ ತಾಯಿಯೂ ಮಗಳೂ ಆಗಿದ್ದವರು ಈ ಸಲ ರಾಜನನ್ನು ಎದುರು ನಿಂತು ಬಯ್ಯುವ ಪೌಲೀನಾ. ಆಗ ವಯಸ್ಸು 80. ಆ ಪಾತ್ರಕ್ಕೆ ಅವರ ಎಂಟನೇ ಒಲಿವಿಯೆ ಪ್ರಶಸ್ತಿ ಬಂತು, ಲಂಡನ್ ರಂಗಭೂಮಿಯ ದೊಡ್ಡ ಪ್ರಶಸ್ತಿ ಅದು. 2017ರಲ್ಲಿ 'ವಿಕ್ಟೋರಿಯಾ ಅಂಡ್ ಅಬ್ದುಲ್', ಉರ್ದು ಕಲಿಯುವ ರಾಣಿಯಾಗಿ. 2021ರಲ್ಲಿ 'ಬೆಲ್‌ಫಾಸ್ಟ್'ನ ಅಜ್ಜಿ. 2023ರಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ಮಾತಿನ ನಡುವೆ ಶೇಕ್ಸ್‌ಪಿಯರ್‌ನ 29ನೇ ಸಾನೆಟ್ಟನ್ನು ಬಾಯಲ್ಲೇ ಹೇಳಿದರು. ಕೈಯಲ್ಲಿ ಹಾಳೆ ಇಲ್ಲ, ಸೋಫಾ ಮೇಲೆ ಕೂತೇ ಹೇಳಿದ್ದು. ಸ್ಟುಡಿಯೋ ಗಪ್‌ಚಿಪ್. ಎಷ್ಟೋ ದಶಕದ ಹಿಂದೆ ಬಾಯಿಗೆ ಹತ್ತಿದ ಪದ್ಯ ಕಣ್ಣು ಹೋದರೂ ಹೋಗಿಲ್ಲ.

ನಮ್ಮ ತಾಲೀಮಿಗೆ ಬರುತ್ತೇನೆ. ಮಾತು ಕಲಿಸಿದ್ದು ಮೂವರು. ತಮ್ಮನ ಮಗಳು ಇಡೀ ನಾಟಕವನ್ನು ದೃಶ್ಯಕ್ಕೊಂದು ವಾಯ್ಸ್ ನೋಟ್ ಮಾಡಿ ಕಳಿಸಿದಳು. ಭಾವ ಸೇರಿಸಬೇಡ, ಸಪ್ಪೆಯಾಗಿ ಓದು, ಇಲ್ಲದಿದ್ದರೆ ನಿನ್ನ ರಾಗವೇ ನನಗೆ ಅಂಟಿಕೊಳ್ಳುತ್ತದೆ ಅಂದಿದ್ದೆ. ಹಾಗೇ ಓದಿದಳು, ಜಾಣೆ. ಮಗನ ಪಾತ್ರ ಮಾಡಿದ ಹುಡುಗ ದಿನಾ ಆಫೀಸ್ ಮುಗಿಸಿ ನಮ್ಮ ಮನೆಗೇ ಬಂದು ಎದುರು ಕೂತು ಮಾತು ಕೊಟ್ಟ. ಸೊಸೆ ಬೆಳಿಗ್ಗೆ ತರಕಾರಿ ಹೆಚ್ಚುತ್ತಾ ಒಪ್ಪಿಸಿಕೊಂಡಳು, ತಪ್ಪಿದಲ್ಲಿ ಚಾಕು ಹಲಗೆಗೆ ಕುಟ್ಟಿ ನಿಲ್ಲಿಸುತ್ತಿದ್ದಳು.

ರಂಗದ ಮೇಲೆ ನಡೆಯುವುದು ದೊಡ್ಡ ಚಿಂತೆಯಾಗಿತ್ತು. ಸೆಟ್ ಮಾಡಿದ ಅಣ್ಣನಿಗೆ ಅದಕ್ಕೊಂದು ಉಪಾಯ ಹೊಳೆಯಿತು. ಜಮಖಾನದ ಅಡಿಯಲ್ಲಿ ತೆಂಗಿನ ನಾರಿನ ಹಗ್ಗ ಹಾಸಿ, ಮೇಲಿಂದ ಹೊಲಿದುಬಿಟ್ಟರು. ಬಾಗಿಲಿಂದ ಕಟ್ಟೆಗೆ ಒಂದು ಹಗ್ಗ, ಕಟ್ಟೆಯಿಂದ ತುಳಸಿ ಗಿಡಕ್ಕೆ ಇನ್ನೊಂದು. ರಂಗದ ಅಂಚಿಗೆ ಎರಡು ಹೆಜ್ಜೆ ಇರುವಾಗ ಅಡ್ಡಲಾಗಿ ದಪ್ಪ ಹಗ್ಗ, ಅದು ಕಾಲಿಗೆ ತಾಗಿದರೆ ನಿಲ್ಲಬೇಕು. ಅಜ್ಜಿ ಬರಿಗಾಲಲ್ಲಿ ಯಾಕೆ ನಡೆಯುತ್ತಾಳೆ, ಪಾತ್ರಕ್ಕೆ ಚೆನ್ನಾಗಿ ಒಪ್ಪಿತು ಅಂತ ಒಬ್ಬರು ಬರೆದಿದ್ದಾರೆ. ಕಾರಣ ಇದು. ಲೈಟಿನವರು ನನ್ನ ಮುಖಕ್ಕೆ ನೇರ ಬೀಳುವ ಬೆಳಕನ್ನು ತಗ್ಗಿಸಿ ಪಕ್ಕದಿಂದ ಕೊಟ್ಟರು, ಅದರಿಂದ ಎದುರಿನವರ ಆಕಾರವಾದರೂ ನನಗೆ ಸಿಕ್ಕಿತು. ಸೊಸೆಯ ಪಾತ್ರ ಮಾಡಿದವಳು ಬಳೆ ಜಾಸ್ತಿ ಹಾಕಿಕೊಂಡಳು, ಅವಳು ಎಲ್ಲಿದ್ದಾಳೆ ಅಂತ ನನಗೆ ಸದ್ದಿನಿಂದ ತಿಳಿಯಲಿ ಅಂತ. ನಾನು ಕೇಳದೆಯೇ ಮಾಡಿದ ಕೆಲಸ ಇದು. ನಿನಗೆ ಒಳ್ಳೆಯದಾಗಲಿ ಮಗಳೇ.

ಕಣ್ಣಿಗೆ ಇಂಜೆಕ್ಷನ್ ಕೊಡುವ ದಿನ ಭುಜದ ಮೇಲೆ ಕೈಯಿಟ್ಟು ನಿಲ್ಲುವ ನರ್ಸಮ್ಮನಿಗೆ, ಪ್ರದರ್ಶನದ ದಿನ ಬಾಡಿಗೆ ಬೇಡ ಅಂದು ಟಿಕೆಟ್ ತೆಗೆದುಕೊಂಡು ಒಳಗೆ ಬಂದು ಕೂತ ಆಟೋದವರಿಗೆ ನಮಸ್ಕಾರ.

ಒಂದು ಮಾತು ಓದುವವರೆಲ್ಲರಿಗೂ. ಬಾಗಿಲು, ಕಿಟಕಿಯ ಸರಳು, ಟೈಲ್ಸ್ ಗೆರೆ, ಇಂಥ ನೇರ ಗೆರೆಗಳು ಸೊಟ್ಟಗೆ ಕಂಡರೆ ಕನ್ನಡಕ ಬದಲಾಯಿಸೋಣ ಅಂತ ಮುಂದೂಡಬೇಡಿ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿಕೊಳ್ಳಿ. ತಕ್ಷಣ ರೆಟಿನಾ ಡಾಕ್ಟರ ಹತ್ತಿರ ಹೋಗಿ. ಈ ಕಾಯಿಲೆಯಲ್ಲಿ ಡ್ರೈ ಅಂತ ಒಂದು ಬಗೆ, ವೆಟ್ ಅಂತ ಇನ್ನೊಂದು. ವೆಟ್‌ನಲ್ಲಿ ರಕ್ತನಾಳ ಸೋರುತ್ತದೆ, ಬೇಗ ಇಂಜೆಕ್ಷನ್ ಶುರು ಮಾಡಿದರೆ ಉಳಿದ ದೃಷ್ಟಿಯನ್ನು ಎಷ್ಟೋ ಮಟ್ಟಿಗೆ ಕಾಪಾಡಬಹುದು.

ತಂಡ ಮುಂದಿನ ನಾಟಕ ಆರಿಸಿದೆ. ನನಗೂ ಒಂದು ಪಾತ್ರ ಇದೆ, ಚಿಕ್ಕದು, ಆದರೆ ಒಂದು ಉದ್ದದ ಸ್ವಗತ ಇದೆ. ತಮ್ಮನ ಮಗಳಿಗೆ ಈ ಸಲ ಪರೀಕ್ಷೆ. ಸಂಜೆ ಬಿಡುವಿದ್ದು, ಸಪ್ಪೆಯಾಗಿ ಓದಬಲ್ಲವರು ಯಾರಾದರೂ ಇದ್ದರೆ ಮನೆಗೆ ಬನ್ನಿ. ಕಾಫಿ ನನ್ನದು.