ಸಭಾಗೃಹದ ಬೀಗ ತೆಗೆಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಸವಿನಯ ನಮಸ್ಕಾರಗಳು. ಮುಂಬಯಿಯ ನಿಮ್ಮ ಕ್ಷೇತ್ರದಲ್ಲೇ ವಾಸವಾಗಿರುವ, ನಿಮ್ಮ ಕಚೇರಿಗೆ ಒಂಬತ್ತು ಅರ್ಜಿ ಕೊಟ್ಟು ಒಂಬತ್ತು ಸ್ವೀಕೃತಿ ಮೊಹರುಗಳನ್ನಷ್ಟೇ ಪಡೆದಿರುವ ಹಳೆಯ ಕನ್ನಡಿಗ ನಾನು. ಹತ್ತನೆಯದನ್ನು ಊರೆಲ್ಲ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ. 'ಛಾವಣಿ ದುರಸ್ತಿ'ಯ ಹೆಸರಿನಲ್ಲಿ ಆರು ವರ್ಷಗಳಿಂದ ಮುಚ್ಚಿರುವ ನಮ್ಮ ಬಡಾವಣೆಯ ಸಾರ್ವಜನಿಕ ಸಭಾಗೃಹವನ್ನು ನಮ್ಮಂಥ ನಾಟಕದವರಿಗೆ ತೆರೆದುಕೊಡಿ. ಸಾರ್ವಜನಿಕ ಹಣದಿಂದ ಕಟ್ಟಿದ ಜಾಗವನ್ನು ಯಾರಿಗೆ, ಯಾವ ಕ್ರಮದಲ್ಲಿ ಕೊಡಬೇಕೆಂಬುದನ್ನು ನಾನು ತಮಗೆ ಹೇಳಿಕೊಡಬೇಕಾಗಿಲ್ಲ.

ಕಳೆದ ಬಾರಿ ನಿಮ್ಮ ಆಪ್ತ ಸಹಾಯಕರು, "ನಾಟಕದಿಂದ ಏನಾಗುತ್ತದೆ ಅಜ್ಜಾ?" ಎಂದು ನಕ್ಕರು. ಅವರಿಗೆ ಆಗ ಉತ್ತರಿಸಲಿಲ್ಲ, ಈಗ ಉತ್ತರಿಸುತ್ತೇನೆ. 1976ರಲ್ಲಿ, ಹನ್ನೆರಡು ವರ್ಷದವನಿದ್ದಾಗ, ದಕ್ಷಿಣ ಕನ್ನಡದಿಂದ ಬಂದು ಇಲ್ಲಿನ ಕೋಟೆ (ಫೋರ್ಟ್) ಪ್ರದೇಶದ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದೆ. ರಾತ್ರಿ ಕನ್ನಡ ಶಾಲೆ. ವಾರ್ಷಿಕೋತ್ಸವಕ್ಕೆ ನಮ್ಮ ಮಾಸ್ತರರು ತಟ್ಟೆ ತೊಳೆಯುವ ಹುಡುಗನ ಮೇಲೆಯೇ ನಾಟಕ ಬರೆದು, ಆ ಪಾತ್ರವನ್ನು ನನಗೇ ಕೊಟ್ಟರು. ತಟ್ಟೆ ತೊಳೆಯುವ ಸೋಡಾಪುಡಿಯಿಂದ ಬಿರಿದಿದ್ದ ನನ್ನ ಬೆರಳುಗಳಿಗೆ ಬಣ್ಣ ಬೇಕಾಗಲಿಲ್ಲ, ಹಾಗೆಯೇ ದೀಪದೆದುರು ಹಿಡಿದೆ. ಮುಂದಿನ ಸಾಲಿನಲ್ಲಿ ನಮ್ಮ ಧಣಿಗಳು ಕುಳಿತಿದ್ದರು. ಏನನ್ನೂ ಆಡಲಿಲ್ಲ. ಆದರೆ ಅದುವರೆಗೆ ಏಳೂವರೆಯಾದರೂ ಬಿಡದಿದ್ದವರು, ಮರುದಿನ ಆರೂವರೆಗೇ ಗಲ್ಲಾದಿಂದ "ಶಾಲೆಗೆ ಹೊರಡಿರೋ" ಎಂದು ಕೂಗಿದರು. ಹೋಟೆಲುಗಳಲ್ಲಿ ಮಕ್ಕಳ ದುಡಿಮೆಯ ಮೇಲಿನ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಆ ಕಾನೂನನ್ನು ನಮ್ಮ ನಾಟಕ ತಂದಿತೆಂದು ನಾನು ಹೇಳುವುದಿಲ್ಲ. ನಾಟಕದಿಂದ ನಮಗೆ ಸಿಕ್ಕಿದ್ದು ದಿನಕ್ಕೊಂದು ಗಂಟೆ. ನಾನು ಈ ಪತ್ರ ಬರೆಯುವಷ್ಟು ಅಕ್ಷರ ಕಲಿತದ್ದು ಆ ಗಂಟೆಯಲ್ಲಿ.

ಜನರ ಬದುಕನ್ನೇ ರಂಗಕ್ಕೆ ತಂದ ಇಪ್ಟಾ (ಭಾರತೀಯ ಜನನಾಟ್ಯ ಸಂಘ) 1943ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅಣ್ಣಾಭಾವು ಸಾಠೆ, ಅಮರ ಶೇಖ್ ಅವರಂಥ ಶಾಹೀರರ, ಅಂದರೆ ಮರಾಠಿ ಜನಪದ ಕವಿ-ಗಾಯಕರ, ಹಾಡುಗಳು ಗಿರಣಿ ಕಾರ್ಮಿಕರನ್ನು, ಮುಂಬಯಿ ಸೇರಿದ ಮರಾಠಿ ರಾಜ್ಯ ಬೇಕೆಂದ ಸಂಯುಕ್ತ ಮಹಾರಾಷ್ಟ್ರ ಚಳವಳಿಗೆ ಕರೆತಂದವು. 1960ರ ಮೇ 1ರಂದು ಈ ರಾಜ್ಯ ಹುಟ್ಟಿತು. ತಾವು ಕೂರುವ ಸದನದ ಹಿಂದೆ ಆ ಶಾಹೀರರ ಡಫ್ಪಿನ (ತಮಟೆಯಂಥ ವಾದ್ಯದ) ಸದ್ದೂ ಇದೆ ಎಂಬುದನ್ನು ನಿಮ್ಮ ಸಹಾಯಕರಿಗೆ ಬಿಡುವಾದಾಗ ತಿಳಿಸಿ.

ಕಳೆದ ತಿಂಗಳ ಸಂಗತಿಗೆ ಬರುತ್ತೇನೆ. 'ಊರಿನ ಸಂಬಂಧಿಕರ ಹುಡುಗ' ಎಂಬ ಹೆಸರಿನಲ್ಲಿ ಇಂದಿಗೂ ಅಡುಗೆಮನೆಗಳಲ್ಲಿ ದುಡಿಯುತ್ತಿರುವ ಮಕ್ಕಳ ಕುರಿತು ನಾವು ಒಂದು ನಾಟಕ ಕಟ್ಟಿದ್ದೇವೆ. ಕಟ್ಟಡದ ಗಚ್ಚಿಯ ಮೇಲೆ ತಾಲೀಮು ಮಾಡಿದರೆ ಸೊಸೈಟಿಯವರು ಬಯ್ಯುತ್ತಾರೆ, ಉದ್ಯಾನದಲ್ಲಿ ಮಾಡಿದರೆ ಕಾವಲುಗಾರ ಸೀಟಿ ಊದುತ್ತಾನೆ. ಸಭಾಗೃಹ ಕೇಳಿದ್ದಕ್ಕೆ 'ಛಾವಣಿ ಅಪಾಯಕಾರಿ' ಎಂಬ ಉತ್ತರ ಬಂತು. ಅದೇ ಶನಿವಾರ ಆ ಅಪಾಯಕಾರಿ ಛಾವಣಿಯ ಕೆಳಗೆ ಸೀರಿಯಲ್ ದೀಪಗಳ ಸರ, ಹೂವಿನ ಕಮಾನು, ಮುನ್ನೂರು ಕುರ್ಚಿಗಳು! 'ಕಲಾ ಗೌರವ ಸಮಾರಂಭ'ವಂತೆ. ಕಲಾವಿದರು ಯಾರಿದ್ದರೋ ಕಾಣೆ, ಬ್ಯಾನರಿನಲ್ಲಿ ತಮ್ಮ ಭಾವಚಿತ್ರ ಮಾತ್ರ ಚೆನ್ನಾಗಿತ್ತು. ಕಿಟಕಿಯಿಂದ ಇಣುಕಿದಾಗ ಕಂಡದ್ದನ್ನು ಹೇಗೆ ಬರೆಯಲಿ? ಮುಚ್ಚುವ ಮುನ್ನ ನಾವು ಅಲ್ಲಿನ ಕೋಣೆಯಲ್ಲಿ ಇಟ್ಟಿದ್ದ ಹಿನ್ನೆಲೆಯ ಪರದೆ, ಗೆಳೆಯರೆಲ್ಲ ಸೇರಿ ಮೈದಾಹಿಟ್ಟಿನ ಚೀಲಗಳನ್ನು ಹೊಲಿದು ಹೋಟೆಲಿನ ಹಿತ್ತಿಲನ್ನು ಬರೆದಿದ್ದ ಪರದೆ, ಬಿರಿಯಾನಿಯ ಹಂಡೆಗಳ ಕೆಳಗೆ ಹಾಸಿತ್ತು.

ಶಾಸಕರೇ, ಅನುದಾನ ಬೇಡ, ಶಾಲು ಬೇಡ, ಫಲಕವೂ ಬೇಡ. ಬೀಗ ತೆಗೆಸಿ. ಛಾವಣಿ ನಿಜಕ್ಕೂ ಕೆಟ್ಟಿದ್ದರೆ ದುರಸ್ತಿ ಮುಗಿಯುವ ದಿನಾಂಕವನ್ನು ಬಾಗಿಲಿಗೆ ಬರೆದು ಅಂಟಿಸಿ. ಕೆಟ್ಟಿಲ್ಲವಾದರೆ ವಾರಕ್ಕೆರಡು ಸಂಜೆ ನಮಗೆ ಕೊಡಿ, ಬಾಡಿಗೆಯನ್ನು ರಸೀದಿ ಪಡೆದೇ ಕಟ್ಟುತ್ತೇವೆ. ಪರದೆಯನ್ನು ಮರಳಿ ತಂದು ಮೂರು ಸಲ ಒಗೆದಿದ್ದೇವೆ, ಎಣ್ಣೆಯ ಕಲೆ ಹೋಗಿಲ್ಲ. ಅದನ್ನು ಹಾಗೆಯೇ ತೂಗುಹಾಕುತ್ತೇವೆ. ಬೀಗ ತೆಗೆಸಿ.

ಇಂತಿ ತಮ್ಮ ಮತದಾರ,
ರಾತ್ರಿಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ