ಗ್ರೀನ್ ರೂಮಿಗೊಂದು ಬಾಗಿಲು ಬೇಕು: ನಮ್ಮ ಪುರಸಭೆ ರಂಗಮಂದಿರಕ್ಕೆ ದೇಣಿಗೆ ಮನವಿ

ಆತ್ಮೀಯ ಬಂಧುಗಳೇ,

ಹೋದ ಬೇಸಿಗೆಯಲ್ಲಿ ನಮ್ಮ ಪುರಸಭೆ ರಂಗಮಂದಿರದಲ್ಲಿ ‘ಕುರುಕ್ಷೇತ್ರ’ ನಾಟಕ ಇತ್ತು. ರಾತ್ರಿ ಎರಡು ಗಂಟೆ ಹೊತ್ತಿಗೆ ಬಲಗಡೆಯ ಲೈಟೆಲ್ಲ ಒಟ್ಟಿಗೇ ಹೋದವು. ದುರ್ಯೋಧನ ಆಗ ತಾನೇ ಕಂದಪದ್ಯ ಎತ್ತಿದ್ದ, ನಿಲ್ಲಿಸಲಿಲ್ಲ. ಹಾರ್ಮೋನಿಯಂ ಮೇಷ್ಟ್ರೂ ಕೈಬಿಡಲಿಲ್ಲ. ಮುಂದಿನ ಸಾಲಿನವರು ಮೊಬೈಲ್ ಟಾರ್ಚ್ ಹಿಡಿದರು. ಪದ್ಯ ಮುಗಿದ ಮೇಲೆ ‘ಒನ್ಸ್ ಮೋರ್’ ಬೇರೆ! ಅವತ್ತು ಎಲ್ಲರೂ ನಕ್ಕೆವು. ಮಾರನೇ ದಿನ ಎಲೆಕ್ಟ್ರಿಷಿಯನ್ ಮೇಲೆ ಹತ್ತಿ ನೋಡಿದರು. ವೈರು ಸುಟ್ಟು ಕರಕಲಾಗಿತ್ತು, ಪರದೆ ಅಲ್ಲಿಂದ ಒಂದು ಗೇಣು ದೂರ. ಅಲ್ಲಿಗೆ ನಗು ನಿಂತಿತು. ರಾತ್ರಿ ನಾಟಕಗಳೂ ನಿಂತವು.

ನಮ್ಮದು ಮಂಡ್ಯ ಜಿಲ್ಲೆಯ ಸಣ್ಣ ಊರು. ಕನ್ನಂಬಾಡಿ ನೀರು, ಕಬ್ಬು, ಭತ್ತ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಸಾಕು, ಸುತ್ತಲ ಹಳ್ಳಿಗಳಲ್ಲಿ ನಾಟಕದ ತಾಲೀಮು ಶುರು. ಬೇರೆ ಕಡೆ ನಟರಿಗೆ ದುಡ್ಡು ಕೊಡುತ್ತಾರೆ. ನಮ್ಮಲ್ಲಿ ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಮ್ಮಿ. ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು, ಮೈಕು ಎಲ್ಲ ಅದರಲ್ಲೇ ಆಗಬೇಕು. ಬೆಳಗ್ಗೆ ಗದ್ದೆಗೆ ನೀರು ಕಟ್ಟಿ ಬಂದವರು ರಾತ್ರಿ ಗದೆ ಹಿಡಿಯುತ್ತಾರೆ. ಈಗ ರಂಗಮಂದಿರ ಇಲ್ಲ ಅಂದರೆ ಬಯಲಲ್ಲಿ ಪೆಂಡಾಲ್, ಜನರೇಟರ್ ಅಂತ ಖರ್ಚು ಏರುತ್ತದೆ. ಕಲ್ಯಾಣ ಮಂಟಪ ಕೇಳೋಣ ಅಂದರೆ ನಾಟಕದ ಕಾಲವೂ ಮದುವೆ ಕಾಲವೂ ಒಂದೇ.

ಮೈಸೂರಿನವರಿಗೆ ಕಲಾಮಂದಿರ ಇದೆ. 1989ರಲ್ಲಿ ಶುರುವಾದ ರಂಗಾಯಣ ಅನ್ನುವ ನಾಟಕ ಸಂಸ್ಥೆ ಇದೆ, ಅಲ್ಲಿ ಭೂಮಿಗೀತ, ವನರಂಗ ಅಂತ ನಾಟಕದ ಜಾಗಗಳೇ ಇವೆ. ನಮಗೆ ಅಂಥದ್ದು ಬೇಕು ಅಂತ ಕೇಳುತ್ತಿಲ್ಲ. ಇರುವ ಒಂದೇ ಒಂದು ಹಾಲ್ ಬೆಂಕಿಯ ಭಯ ಇಲ್ಲದೆ ತೆರೆದಿರಲಿ ಅಷ್ಟೆ. ಶಾಲೆಗಳ ವಾರ್ಷಿಕೋತ್ಸವ, ರಾಜ್ಯೋತ್ಸವ, ಭರತನಾಟ್ಯದ ಕ್ಲಾಸು, ರೈತರ ಸಭೆ, ಕೊನೆಗೆ ಊರಿನ ಹಿರಿಯರು ಹೋದಾಗ ಸಂತಾಪ ಸಭೆ, ಎಲ್ಲಕ್ಕೂ ಇದೇ ಜಾಗ.

ಇನ್ನು ಗ್ರೀನ್ ರೂಮಿನ, ಅಂದರೆ ಕಲಾವಿದರು ವೇಷ ಹಾಕಿಕೊಳ್ಳುವ ಕೋಣೆಯ ವಿಷಯ. ಹೇಳೋಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ. ಹಿಂದೆ ಹೆಂಗಸರ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಗುಬ್ಬಿ ವೀರಣ್ಣನವರ ಕಂಪನಿ ಹೆಂಗಸರನ್ನು ರಂಗದ ಮೇಲೆ ತಂದು ಎಷ್ಟೋ ಕಾಲವಾಯಿತು. ನಮ್ಮ ನಾಟಕಗಳಿಗೂ ದ್ರೌಪದಿ, ಕುಂತಿ, ಉತ್ತರೆಯ ಪಾತ್ರಕ್ಕೆ ಮಂಡ್ಯ, ಮೈಸೂರಿನಿಂದ ಕಲಾವಿದೆಯರು ಬರುತ್ತಾರೆ. ಅವರು ಸೀರೆ ಬದಲಿಸುವುದು ಎಲ್ಲಿ? ಸೀನರಿ ಪೆಟ್ಟಿಗೆಗಳ ಹಿಂದೆ, ಒಬ್ಬರು ಸೀರೆ ಅಡ್ಡ ಹಿಡಿದುಕೊಂಡು ನಿಂತರೆ ಇನ್ನೊಬ್ಬರು. ಗ್ರೀನ್ ರೂಮಿನ ಬಾಗಿಲು ಗೆದ್ದಲು ತಿಂದು ಬಿದ್ದುಹೋಗಿ ವರ್ಷಗಳಾದವು. ಶೌಚಾಲಯ ಇಲ್ಲ. ಬೆಳಗಿನ ಜಾವದವರೆಗೂ ಬಣ್ಣ ಹಚ್ಚಿಕೊಂಡು ಕೂತಿರುವವರು ಏನು ಮಾಡಬೇಕು? ವೇದಿಕೆಯ ಮೇಲೆ ದ್ರೌಪದಿಯ ಮಾನ ಉಳಿಯಿತು ಅಂತ ಚಪ್ಪಾಳೆ ತಟ್ಟಿ, ಪರದೆಯ ಹಿಂದೆ ಹೀಗೆ ಬಿಟ್ಟಿದ್ದೇವಲ್ಲ, ಸರೀನಾ?

ಅದಕ್ಕೇ ನಿಮ್ಮ ಹಣದಲ್ಲಿ ಮೊದಲು ಆಗುವ ಕೆಲಸ ಹೆಂಗಸರ ಗ್ರೀನ್ ರೂಮು. ಗಟ್ಟಿ ಬಾಗಿಲು, ಒಳಗಿನ ಚಿಲಕ, ಕನ್ನಡಿ, ನೀರು ಬರುವ ಶೌಚಾಲಯ. ಎರಡನೆಯದು ಪೂರ್ತಿ ಹೊಸ ವೈರಿಂಗ್. ಮಿಕ್ಕರೆ ವೇದಿಕೆಯ ಹಲಗೆ, ಮುರಿದ ಕುರ್ಚಿಗಳು. ಸೂರಿನ ಕೆಲಸ ಪುರಸಭೆಯೇ ಮಾಡಿಸುತ್ತದೆ. ಒಳಗಿನ ಕೆಲಸಕ್ಕೆ ಅನುದಾನ ಇಲ್ಲವಂತೆ, ಆದರೆ ನಾವು ಮಾಡಿಸಲು ಒಪ್ಪಿಗೆ ಕೊಟ್ಟಿದ್ದಾರೆ. ಮುಂಬಾಗಿಲಿಗೆ ಕಮಾನು ಕಟ್ಟಿಸಿ ಹೆಸರು ಹಾಕಿಸಿ ಅಂತ ಒಬ್ಬ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಬೇಡ ಸ್ವಾಮಿ, ಮೊದಲು ಚಿಲಕ ಹಾಕಿಸೋಣ ಎಂದೆವು. ಅವರೇ ಈಗ ಬಾಗಿಲಿನ ಮರ ಕೊಡುತ್ತಿದ್ದಾರೆ.

₹200 ಕೊಟ್ಟರೂ ರಸೀದಿ ಕೊಡುತ್ತೇವೆ. ₹2,000ಕ್ಕಿಂತ ಜಾಸ್ತಿ ಕೊಡುವವರು ದಯವಿಟ್ಟು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ, ನಗದಾದರೆ ಆದಾಯ ತೆರಿಗೆಯ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೂ ಆ ರಿಯಾಯಿತಿ ಇಲ್ಲ, ಈಗಲೇ ಹೇಳಿಬಿಡುತ್ತೇವೆ. ದುಡ್ಡೇ ಆಗಬೇಕೆಂದಿಲ್ಲ. ವೈರು, ಸ್ವಿಚ್ಚು, ಸಿಮೆಂಟು, ಟೈಲ್ಸ್, ಒಂದು ದಿನದ ಗಾರೆ ಕೆಲಸ, ಏನಾದರೂ ಸರಿ. ಬೆಂಗಳೂರು ಸೇರಿರುವ ನಮ್ಮೂರ ಮಕ್ಕಳೇ, ನೀವೂ ಇದೇ ವೇದಿಕೆಯಲ್ಲಿ ಏಕಪಾತ್ರಾಭಿನಯ ಮಾಡಿ ಸ್ಟೀಲ್ ಲೋಟ ಗೆದ್ದವರು, ಮರೆತಿಲ್ಲ ಅಲ್ವಾ?

ಬಂದ ಹಣ, ಆದ ಖರ್ಚು ಎರಡನ್ನೂ ಪ್ರತಿ ತಿಂಗಳು ರಂಗಮಂದಿರದ ಗೇಟಿನ ಬೋರ್ಡಿನಲ್ಲಿ ಬರೆಯುತ್ತೇವೆ. ಬ್ಯಾಂಕ್ ಖಾತೆಯ ವಿವರವೂ ಅಲ್ಲೇ ಇದೆ. ಭಾನುವಾರ ಬೆಳಗ್ಗೆ ಹತ್ತರಿಂದ ಒಂದು ಗಂಟೆವರೆಗೆ ಸಮಿತಿಯವರು ಇರುತ್ತೇವೆ. ಸುಮ್ನೆ ನೋಡಿಕೊಂಡು ಹೋಗಲಿಕ್ಕಾದರೂ ಬನ್ನಿ. ಪರದೆಯ ಹಿಂದೆ ಹೋಗುವಾಗ ಮಾತ್ರ ಎಡಗಡೆಯ ಮೂರನೇ ಹಲಗೆ ತುಳಿಯಬೇಡಿ.

ಇಂತಿ ನಿಮ್ಮ,
ರಂಗಮಂದಿರ ದುರಸ್ತಿ ಸಮಿತಿಯವರು